ಒಂದೇ ಸ್ವರಲಿಪಿ, ಹಲವು ವಸಂತ

ವೇದಿಕೆಯ ಮೇಲೆ ನೂರರ ಸಮೀಪ ವಾದಕರು ಕುಳಿತಿರುತ್ತಾರೆ. ಎಂಟು ಹಾರ್ನ್, ಐದು ಕ್ಲಾರಿನೆಟ್, ಐದು ಕೊಳಲು, ಸಾಲುಸಾಲು ಪಿಟೀಲು, ಹಿಂದೆ ಆಳೆತ್ತರದ ಡ್ರಮ್. ಇಷ್ಟು ಜನರಿದ್ದರೂ ಮೊದಲು ಕೇಳುವುದು ಒಬ್ಬರ ಉಸಿರು ಮಾತ್ರ. ಅವರ ಕೈಯಲ್ಲಿರುವುದು ಬಸೂನ್ ಎಂಬ ಉದ್ದನೆಯ ಮರದ ವಾದ್ಯ. ತಗ್ಗುದನಿಗೆ ಹೆಸರಾದ ಈ ವಾದ್ಯವನ್ನು ಇಲ್ಲಿ ತಾರಸ್ಥಾಯಿಯ ತುದಿಗೆ ಎಳೆದು ನಿಲ್ಲಿಸಲಾಗಿದೆ. ಯಾವ ವಾದ್ಯ ನುಡಿಯುತ್ತಿದೆ ಎಂದು ಮೊದಲ ಸಲ ಕೇಳುವವರಿಗೆ ಗುರುತು ಹತ್ತುವುದಿಲ್ಲ. ಇಗೋರ್ ಸ್ಟ್ರಾವಿನ್ಸ್ಕಿಯ ‘ದ ರೈಟ್ ಆಫ್ ಸ್ಪ್ರಿಂಗ್’ ಆರಂಭವಾಗುವುದು ಹೀಗೆ.

ಈ ಕೃತಿಯ ಧ್ವನಿಮುದ್ರಣಗಳು ನೂರಕ್ಕೂ ಹೆಚ್ಚಿವೆ. ಎಲ್ಲರ ಮುಂದೆಯೂ ಇರುವುದು ಹೆಚ್ಚುಕಡಿಮೆ ಅದೇ ಸ್ವರಲಿಪಿ. ಆದರೂ ಒಂದರಲ್ಲಿ ಕಾಡು ಬೆಂಕಿ ಹೊತ್ತಿದಂತೆ ಕೇಳುವ ಭಾಗ ಇನ್ನೊಂದರಲ್ಲಿ ಹರಳಿನಷ್ಟು ಸ್ಪಷ್ಟವಾಗಿ, ತಣ್ಣಗೆ ಕೇಳುತ್ತದೆ. ಒಂದು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿದರೆ ಮತ್ತೊಂದು 35 ನಿಮಿಷ ತೆಗೆದುಕೊಳ್ಳುತ್ತದೆ. ಬರೆದಿಟ್ಟ ಸಂಗೀತ ಇಷ್ಟೊಂದು ಬಗೆಯಲ್ಲಿ ಕೇಳಿಸಲು ಕಾರಣಗಳಿವೆ.

ಕೃತಿಯ ಹುಟ್ಟು

ರಷ್ಯಾದ ಬ್ಯಾಲೆ ತಂಡವೊಂದನ್ನು ಪ್ಯಾರಿಸ್ಸಿನಲ್ಲಿ ನಡೆಸುತ್ತಿದ್ದ ಸೆರ್ಗೆ ದಿಯಾಗಿಲೆವ್‌ಗಾಗಿ ಸ್ಟ್ರಾವಿನ್ಸ್ಕಿ ಇದನ್ನು ರಚಿಸಿದ. ಪ್ರಾಚೀನ ರಷ್ಯಾದ ಬುಡಕಟ್ಟೊಂದು ವಸಂತವನ್ನು ಬರಮಾಡಿಕೊಳ್ಳಲು ಹೆಣ್ಣುಮಗಳೊಬ್ಬಳನ್ನು ಆರಿಸುತ್ತದೆ. ಆಕೆ ಸಾಯುವವರೆಗೆ ಕುಣಿಯಬೇಕು. ಕಥೆ ಇಷ್ಟೇ. ಮೊದಲ ಭಾಗ ಭೂಮಿಯ ಆರಾಧನೆ, ಎರಡನೆಯದು ಬಲಿ.

ಕಥೆಯ ರೂಪುರೇಷೆ ಹೆಣೆಯಲು ಸ್ಟ್ರಾವಿನ್ಸ್ಕಿಗೆ ಜೊತೆಯಾದವನು ಚಿತ್ರಕಾರನೂ ಪ್ರಾಚೀನ ಸ್ಲಾವ್ ಆಚರಣೆಗಳ ಅಭ್ಯಾಸಿಯೂ ಆಗಿದ್ದ ನಿಕೊಲಾಯ್ ರೋರಿಚ್. ರಂಗಸಜ್ಜಿಕೆ, ಉಡುಪು ಅವನದೇ. ಮುಂದೆ ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿ ಅಲ್ಲಿಯೇ 1947ರಲ್ಲಿ ತೀರಿಕೊಂಡ ಈ ರೋರಿಚ್‌ನ ಮಗನೇ ಸ್ವೆತೊಸ್ಲಾವ್ ರೋರಿಚ್. ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿದ ಚಿತ್ರಕಾರರು ಅವರು.

ಮೊದಲ ಪ್ರದರ್ಶನ 1913ರ ಮೇ 29ರಂದು, ಪ್ಯಾರಿಸ್ಸಿನ ಷಾಂಜೆಲಿಜೆ ರಂಗಮಂದಿರದಲ್ಲಿ ನಡೆಯಿತು. ವಾಸ್ಲಾವ್ ನಿಜಿನ್ಸ್ಕಿಯ ನೃತ್ಯ ಸಂಯೋಜನೆ, ವಾದ್ಯವೃಂದವನ್ನು ಕೈಸನ್ನೆಯಿಂದ ನಡೆಸುವ ಕಂಡಕ್ಟರ್ ಆಗಿ ಪಿಯೆರ್ ಮೊಂತೊ. ಸಭಿಕರ ಗದ್ದಲದಲ್ಲಿ ನರ್ತಕರಿಗೆ ಸಂಗೀತ ಕೇಳಿಸದಾಗಿ, ನಿಜಿನ್ಸ್ಕಿ ರಂಗದ ಪಕ್ಕದಲ್ಲಿ ನಿಂತು ಎಣಿಕೆಯನ್ನು ಕೂಗಿ ಹೇಳಬೇಕಾಯಿತು. ಮೊಂತೊ ಮಾತ್ರ ನಿಲ್ಲಿಸಲಿಲ್ಲ. ಕೊನೆಯ ಸ್ವರದವರೆಗೂ ನಡೆಸಿದ. ಆ ಸಂಜೆಯ ಗಲಾಟೆ ಎಷ್ಟು ಪ್ರಸಿದ್ಧವಾಯಿತೆಂದರೆ ಮುಂದಿನ ವರ್ಷ ನಡೆದದ್ದು ಹಲವರಿಗೆ ಗೊತ್ತೇ ಇಲ್ಲ. 1914ರ ಏಪ್ರಿಲ್‌ನಲ್ಲಿ ಅದೇ ಪ್ಯಾರಿಸ್ಸಿನಲ್ಲಿ, ನೃತ್ಯವಿಲ್ಲದೆ, ಅದೇ ಮೊಂತೊ ಈ ಸಂಗೀತವನ್ನು ಕಛೇರಿಯಾಗಿ ನುಡಿಸಿದಾಗ ಜನ ಸ್ಟ್ರಾವಿನ್ಸ್ಕಿಯನ್ನು ಹೆಗಲ ಮೇಲೆ ಹೊತ್ತು ಬೀದಿಗೆ ತಂದರು. ಬ್ಯಾಲೆಗಾಗಿ ಹುಟ್ಟಿದ ಸಂಗೀತ ಅಲ್ಲಿಂದ ಮುಂದೆ ವಾದ್ಯವೃಂದದ ಸ್ವತ್ತಾಯಿತು.

ಬರೆದದ್ದು, ಬರೆಯಲಾಗದ್ದು

ನಮ್ಮ ಸಂಗೀತದಲ್ಲಿ ಒಂದೇ ರಾಗವನ್ನು ಇಬ್ಬರು ಹಾಡಿದಾಗ ಎರಡು ಬೇರೆ ಆಲಾಪನೆಗಳು ಹುಟ್ಟುವುದು ಸಹಜ. ಅಲ್ಲಿ ಕಲಾವಿದರೇ ಅರ್ಧ ರಚನಕಾರರು. ಪಶ್ಚಿಮದ ವಾದ್ಯವೃಂದದಲ್ಲಿ ಹಾಗಲ್ಲ. ಪ್ರತಿ ಸ್ವರ, ಅದರ ಉದ್ದ, ಜೋರು, ಮೆಲು ಎಲ್ಲವೂ ಕಾಗದದ ಮೇಲಿರುತ್ತದೆ. ಸ್ಟ್ರಾವಿನ್ಸ್ಕಿಯಂತೂ ವಾದಕರು ತಮ್ಮ ಭಾವವನ್ನು ಸೇರಿಸುವುದನ್ನು ಸಹಿಸುತ್ತಿರಲಿಲ್ಲ. ಬರೆದದ್ದನ್ನು ಬರೆದಂತೆ ನಡೆಸಿಕೊಟ್ಟರೆ ಸಾಕೆಂದು ಬಹಿರಂಗವಾಗಿಯೇ ವಾದಿಸಿದವನು.

ಆದರೂ ಕಾಗದ ಹೇಳದ ಸಂಗತಿಗಳು ಬೇಕಾದಷ್ಟು ಉಳಿಯುತ್ತವೆ. ‘ಜೋರಾಗಿ’ ಎಂದರೆ ಎಷ್ಟು ಜೋರು? ಎಂಟು ಹಾರ್ನ್ ಮತ್ತು ಅರವತ್ತು ತಂತಿವಾದ್ಯ ಒಟ್ಟಿಗೆ ನುಡಿಯುವಾಗ ಯಾವುದು ಮುಂದೆ, ಯಾವುದು ಹಿಂದೆ? ಒತ್ತು ಕೊಡಬೇಕಾದ ಸ್ವರ ಚುಚ್ಚಬೇಕೋ, ಗುದ್ದಬೇಕೋ? ಕಾಲಪ್ರಮಾಣದ ಅಂಕಿ ನಮೂದಾಗಿದ್ದರೂ ಅದನ್ನು ಗಡಿಯಾರದಂತೆ ಪಾಲಿಸಬೇಕೋ, ಭಾಗದಿಂದ ಭಾಗಕ್ಕೆ ಸ್ವಲ್ಪ ಬಾಗಬಹುದೋ?

ಪೀಠಿಕೆ ಮುಗಿದೊಡನೆ ಬರುವ ‘ವಸಂತದ ಶಕುನಗಳು’ ಎಂಬ ಭಾಗ ಇದಕ್ಕೆ ಒಳ್ಳೆಯ ನಿದರ್ಶನ. ತಂತಿವಾದ್ಯಗಳೆಲ್ಲ ಸೇರಿ ಒಂದೇ ಕರ್ಕಶ ಸ್ವರಗುಚ್ಛವನ್ನು ಸಮನಾದ ಬಡಿತದಲ್ಲಿ ಮತ್ತೆಮತ್ತೆ ಒತ್ತುತ್ತವೆ. ಎರಡು ಬೇರೆ ಶ್ರುತಿಗಳ ಸ್ವರಗುಚ್ಛಗಳನ್ನು ಒಂದರ ಮೇಲೊಂದು ಇಟ್ಟಂಥ ಕಟ್ಟಡ ಅದು. ಬಡಿತ ಸಮ, ಆದರೆ ಹಾರ್ನ್‌ಗಳು ಸೇರಿ ಕೊಡುವ ಒತ್ತು ಎಲ್ಲಿ ಬೀಳುತ್ತದೆ ಎಂಬುದು ಮಾತ್ರ ಊಹೆಗೆ ಸಿಗದು. ಮೊದಲ ಎಂಟು ಬಾರ್‌ಗಳ (ತಾಳದ ಆವರ್ತದಂಥ ಘಟಕಗಳ) 32 ಬಡಿತಗಳನ್ನು ಒತ್ತುಗಳು 9, 2, 6, 3, 4, 5, 3 ಎಂದು ಒಡೆಯುತ್ತವೆ. ಕೋರ್ವೆಯ ಲೆಕ್ಕ ಹಾಕಿ ಅಭ್ಯಾಸವಿರುವ ಕರ್ನಾಟಕ ಸಂಗೀತದ ರಸಿಕರಿಗೆ ಇದರ ಸೊಗಸು ಬೇಗ ಹಿಡಿಸುತ್ತದೆ: ಒಳಗಿನ ಗುಂಪುಗಳು ಎಷ್ಟೇ ಮುರಿದರೂ ಒಟ್ಟು ಲೆಕ್ಕ ಚತುರಶ್ರದಲ್ಲೇ ಕೂಡಿಕೊಳ್ಳುತ್ತದೆ. ಆದರೆ ಇಲ್ಲಿ ಸಮಕ್ಕೆ ಬಂದು ಸೇರಿದ ನೆಮ್ಮದಿಯನ್ನು ರಚನಕಾರ ಕೊಡುವುದಿಲ್ಲ. ಸಮವನ್ನು ಮುಟ್ಟಿದ್ದು ಕೇಳುಗನಿಗೆ ಗೊತ್ತೇ ಆಗುವುದಿಲ್ಲ.

ಈ ಎಂಟು ಬಾರ್‌ಗಳನ್ನು ನಾಲ್ಕಾರು ಮುದ್ರಣಗಳಲ್ಲಿ ಒಂದಾದ ಮೇಲೊಂದು ಕೇಳಿದರೆ ಸಾಕು, ಕಂಡಕ್ಟರ್‌ಗಳ ಸ್ವಭಾವ ತೆರೆದುಕೊಳ್ಳುತ್ತದೆ. ಕೆಲವರಲ್ಲಿ ತಂತಿಗಳು ಒರಟಾಗಿ ಕೊಯ್ಯುತ್ತವೆ, ಕೆಲವರಲ್ಲಿ ಹಾರ್ನ್ ಮಾತ್ರ ಗುಡುಗುತ್ತದೆ, ಕೆಲವರಲ್ಲಿ ಒಳಗಿನ ಒಂದೊಂದು ಸ್ವರವನ್ನೂ ಬಿಡಿಸಿ ಎಣಿಸಬಹುದು.

ಮೊದಲ ಗ್ರಾಮಫೋನ್ ತಟ್ಟೆಗಳು

ಕೃತಿ ಹುಟ್ಟಿ 16 ವರ್ಷ ಅದರ ಧ್ವನಿಮುದ್ರಣವೇ ಇರಲಿಲ್ಲ. 1929ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಬಂದವು. ಒಂದು ಮೊಂತೊನದು, ಇನ್ನೊಂದು ಸ್ವತಃ ಸ್ಟ್ರಾವಿನ್ಸ್ಕಿಯದು. ಅದರ ಬೆನ್ನಿಗೇ ಅಮೆರಿಕದ ಫಿಲಡೆಲ್ಫಿಯಾ ವಾದ್ಯವೃಂದದೊಡನೆ ಲಿಯೋಪೋಲ್ಡ್ ಸ್ಟೊಕೊವ್ಸ್ಕಿಯ ಮುದ್ರಣ ಬಂತು.

ಆಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ನಾಲ್ಕು ನಿಮಿಷದಷ್ಟು ಸಂಗೀತ. ಹಾಗಾಗಿ ಕೃತಿಯನ್ನು ತುಂಡು ಮಾಡಿ ನುಡಿಸಬೇಕಿತ್ತು; ಕೇಳುವವರು ತಟ್ಟೆ ತಿರುವಿ ಹಾಕುತ್ತಾ ಕೂರಬೇಕಿತ್ತು. ದೊಡ್ಡ ಡ್ರಮ್ಮಿನ ಆಳವಾಗಲಿ, ಮೆಲುದನಿಯ ಸೂಕ್ಷ್ಮವಾಗಲಿ ಆ ತಂತ್ರಕ್ಕೆ ಪೂರ್ತಿ ದಕ್ಕುತ್ತಿರಲಿಲ್ಲ. ಪ್ಯಾರಿಸ್ಸಿನ ಆ ಎರಡು ತಟ್ಟೆಗಳಲ್ಲಿ ವಾದಕರು ಎಡವುವುದು ಸ್ಪಷ್ಟವಾಗಿ ಕೇಳುತ್ತದೆ. ಒತ್ತುಗಳು ಒಟ್ಟಿಗೆ ಬೀಳುವುದಿಲ್ಲ, ಕಹಳೆಗಳು ತಡವಾಗಿ ಬರುತ್ತವೆ.

ಆದರೂ ಅವನ್ನು ಹಳೆಯ ವಸ್ತುವೆಂದು ಪಕ್ಕಕ್ಕಿಡುವುದು ತಪ್ಪು. ಈ ಸಂಗೀತ ಇನ್ನೂ ಯಾರ ಬೆರಳಿಗೂ ಒಗ್ಗದಿದ್ದ ಕಾಲದ ದಾಖಲೆ ಅವು. ಇಂದಿನ ವಾದಕರು ವಿದ್ಯಾರ್ಥಿಗಳಾಗಿದ್ದಾಗಲೇ ಕಲಿತು ಮುಗಿಸಿರುವ ಪುಟಗಳನ್ನು 1929ರ ವಾದಕರು ಜೀವ ಹಿಡಿದುಕೊಂಡು ದಾಟುತ್ತಿದ್ದಾರೆ. ಆ ಅಪಾಯದ ಭಾವ ಮುಂದಿನ ಎಷ್ಟೋ ನಿರ್ದುಷ್ಟ ಮುದ್ರಣಗಳಲ್ಲಿ ಸಿಗುವುದಿಲ್ಲ.

ಸ್ಟೊಕೊವ್ಸ್ಕಿಯ ಹೆಸರು ಇನ್ನೊಂದು ಕಾರಣಕ್ಕೂ ಮುಖ್ಯ. 1940ರಲ್ಲಿ ಬಂದ ವಾಲ್ಟ್ ಡಿಸ್ನಿಯ ‘ಫ್ಯಾಂಟೇಸಿಯಾ’ ಚಲನಚಿತ್ರದಲ್ಲಿ ಡೈನೊಸಾರ್‌ಗಳ ಉದಯ, ವಿನಾಶಗಳಿಗೆ ಹಿನ್ನೆಲೆಯಾದದ್ದು ಅವನು ನಡೆಸಿದ ಇದೇ ಸಂಗೀತ. ಭಾಗಗಳನ್ನು ಕತ್ತರಿಸಿ ಕ್ರಮ ಬದಲಿಸಿದ್ದಕ್ಕೆ ಸ್ಟ್ರಾವಿನ್ಸ್ಕಿ ಕಡೆಯವರೆಗೂ ಸಿಡುಕುತ್ತಿದ್ದ. ಆದರೆ ಕಛೇರಿಗೆ ಕಾಲಿಡದ ಲಕ್ಷಾಂತರ ಮಂದಿಯ ಕಿವಿಗೆ ಅದು ಮೊದಲು ಬಿದ್ದದ್ದು ಆ ಚಿತ್ರದಿಂದಲೇ.

ರಚನಕಾರನ ಮೂರು ಉತ್ತರ

ಬರೆದವನೇ ನಡೆಸಿದ ಮುದ್ರಣ ಇರುವಾಗ ಉಳಿದವು ಏಕೆ ಬೇಕು ಎಂಬ ಪ್ರಶ್ನೆ ಸಹಜ. ಸ್ಟ್ರಾವಿನ್ಸ್ಕಿಯ ನಿಲುವೂ ಅದೇ ಆಗಿತ್ತು: ತನ್ನ ಧ್ವನಿಮುದ್ರಣಗಳು ಇತರ ಕಂಡಕ್ಟರ್‌ಗಳಿಗೆ ಮಾದರಿಯಾಗಬೇಕು. ತೊಡಕೆಂದರೆ ಅವನು ಬಿಟ್ಟುಹೋದದ್ದು ಒಂದಲ್ಲ, ಮೂರು. 1929ರ ಪ್ಯಾರಿಸ್, 1940ರ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್, 1960ರ ಕೊಲಂಬಿಯಾ ಸಿಂಫನಿ ವಾದ್ಯವೃಂದ. ಮೂರರ ಕಾಲಪ್ರಮಾಣ, ತೂಕ, ಸ್ವಭಾವ ಒಂದೇ ಅಲ್ಲ.

ಸ್ವರಲಿಪಿಯೂ ನಿಂತಲ್ಲಿ ನಿಲ್ಲಲಿಲ್ಲ. ವಾದ್ಯವೃಂದದ ಪೂರ್ಣ ಸ್ವರಲಿಪಿ ಅಚ್ಚಾದದ್ದು 1921ರಲ್ಲಿ. ಮುಂದೆ ಅದನ್ನು ಅವನು ತಿದ್ದುತ್ತಲೇ ಹೋದ. 1943ರಲ್ಲಿ ಕೊನೆಯ ಬಲಿನೃತ್ಯವನ್ನು ಹೊಸದಾಗಿ ಬರೆದ. 1947ರಲ್ಲಿ ತಿದ್ದುಪಡಿಗಳ ಇನ್ನೊಂದು ಆವೃತ್ತಿ ಬಂತು. ಹಾಗಾಗಿ ಬೇರೆಬೇರೆ ಮುದ್ರಣಗಳು ಬೇರೆಬೇರೆ ಪಾಠವನ್ನು ಅನುಸರಿಸಿರುವುದೂ ಉಂಟು.

ಮೂರರಲ್ಲಿ 1940ರದು ಬಿಗಿಯಾದದ್ದು. 1960ರದರಲ್ಲಿ ಎಣ್ಣೆ ಹಾಕದ ಯಂತ್ರದ ಒಣ ಬಡಿತವಿದೆ. ನಾಜೂಕು ಕಡಿಮೆ, ನೇರತನ ಹೆಚ್ಚು. ಅದರ ಬಲಿನೃತ್ಯದ ಭಾಗವೇ 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಬಾಹ್ಯಾಕಾಶಕ್ಕೆ ಹೋಯಿತು. ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಘರಾಣೆಯ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯೂ ಅದೇ ತಟ್ಟೆಯಲ್ಲಿದೆ.

ಬಿಸಿಯ ಪಂಥ, ಬೆಳಕಿನ ಪಂಥ

ಲಾಂಗ್‌ಪ್ಲೇ ತಟ್ಟೆ, ಟೇಪು, ಸ್ಟೀರಿಯೊ ಬಂದ ಮೇಲೆ ಚಿತ್ರವೇ ಬದಲಾಯಿತು. ಕೃತಿಯ ಅರ್ಧದಷ್ಟನ್ನು ತಡೆಯಿಲ್ಲದೆ ಒಂದೇ ಮಗ್ಗುಲಲ್ಲಿ ಕೇಳಬಹುದಾಯಿತು.

1951ರಲ್ಲಿ ಇಗೋರ್ ಮಾರ್ಕೆವಿಚ್ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಇದನ್ನು ಮುದ್ರಿಸಿದ. 1959ರಲ್ಲಿ ಅದೇ ವೃಂದದೊಡನೆ ಸ್ಟೀರಿಯೊದಲ್ಲಿ ಮತ್ತೆ ಮುದ್ರಿಸಿದ. ಈ ವೃಂದದ ಹೆಸರು ಮೈಸೂರಿನವರಿಗೆ ಹೊಸದಲ್ಲ. ಯುದ್ಧಾನಂತರದ ಕಷ್ಟದ ವರ್ಷಗಳಲ್ಲಿ ಅದಕ್ಕೆ ಹಣದ ಆಸರೆಯಾಗಿ ನಿಂತು, ಅದರ ಕಛೇರಿ ಸಂಘದ ಮೊದಲ ಅಧ್ಯಕ್ಷರಾದವರು ಜಯಚಾಮರಾಜೇಂದ್ರ ಒಡೆಯರ್. ಮಾರ್ಕೆವಿಚ್‌ನ ಎರಡೂ ಮುದ್ರಣಗಳಲ್ಲಿ ಕಾವು ಮತ್ತು ಲೆಕ್ಕ ಎರಡೂ ಒಟ್ಟಿಗಿವೆ. ರಚನಕಾರನೂ ಆಗಿದ್ದ ಅವನು ಈ ಕೃತಿಯ ಲಯದ ಒಳಗುಟ್ಟನ್ನು ಬಲ್ಲವನು.

1958ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್‌ನೊಡನೆ ಮಾಡಿದ್ದು ಬಿಸಿಯ ಪಂಥದ ಶಿಖರ. ಅಲ್ಲಿ ಪ್ರತಿ ಒತ್ತೂ ದೇಹದಿಂದ ಬಂದಂತಿದೆ. ಕೆಲವೆಡೆ ಅಂಚು ಒರಟಾಗಿದೆ. ಅದನ್ನು ತಿದ್ದಿದ್ದರೆ ಆ ಮುದ್ರಣದ ಪ್ರಾಣವೇ ಹೋಗುತ್ತಿತ್ತು. ಅದೇ ಕಾಲದಲ್ಲಿ ಅಂತಾಲ್ ಡೊರಾಟಿ ಮಿನಿಯಾಪೊಲಿಸ್‌ನಲ್ಲಿ ಮಾಡಿದ್ದು ಇನ್ನೂ ವೇಗವಾದ, ತೆಳ್ಳನೆಯ, ಚೂಪಾದ ವಾದನ. ಅದನ್ನು ಮುದ್ರಿಸಿದ ಮರ್ಕ್ಯುರಿ ಕಂಪನಿ ಸ್ಟೀರಿಯೊಗೂ ಮೂರೇ ಮೈಕುಗಳನ್ನು ಬಳಸುತ್ತಿತ್ತು. ಆದ್ದರಿಂದ ವಾದ್ಯಗಳ ನಡುವಿನ ದೂರ, ಹಿಂದುಮುಂದುಗಳು ಇದ್ದಂತೆಯೇ ಉಳಿದಿವೆ.

ಬೆಳಕಿನ ಪಂಥಕ್ಕೆ ಗುರು ಪಿಯೆರ್ ಬುಲೆಜ್. ಕಂಡಕ್ಟರ್ ಎಂದು ಹೆಸರಾಗುವ ಮೊದಲೇ ಈ ಕೃತಿಯ ಲಯಕಣಗಳನ್ನು ಒಂದೊಂದಾಗಿ ಬಿಡಿಸಿ ದೀರ್ಘ ಪ್ರಬಂಧ ಬರೆದಿದ್ದ ರಚನಕಾರ ಅವನು. 1969ರಲ್ಲಿ ಕ್ಲೀವ್‌ಲ್ಯಾಂಡ್ ವಾದ್ಯವೃಂದದೊಡನೆ ಅವನು ಮಾಡಿದ ಮುದ್ರಣದಲ್ಲಿ ಕಾಲಪ್ರಮಾಣ ಅಲುಗುವುದಿಲ್ಲ, ಯಾವ ವಾದ್ಯವೂ ಇನ್ನೊಂದರ ನೆರಳಲ್ಲಿ ಅಡಗುವುದಿಲ್ಲ. ತಣ್ಣಗಿದೆ ಎಂದು ದೂರುವವರಿದ್ದಾರೆ. ಆದರೆ ಎರಡನೆಯ ಭಾಗದ ಪೀಠಿಕೆಯನ್ನು ಅಲ್ಲಿ ಕೇಳಿದವರಿಗೆ ಆ ದೂರು ನಿಲ್ಲುವುದಿಲ್ಲ. ಅಬ್ಬರವಿಲ್ಲದೆ, ಸ್ವರಗಳ ನಡುವಿನ ತೆರಪಿನಿಂದಲೇ ಅಲ್ಲಿ ಭಯ ಹುಟ್ಟುತ್ತದೆ. 1991ರಲ್ಲಿ ಅದೇ ವೃಂದದೊಡನೆ ಬುಲೆಜ್ ಮತ್ತೊಮ್ಮೆ ಮುದ್ರಿಸಿದ; ಹೊಳಪು ಹೆಚ್ಚಿತು, ಮೊನಚು ಸ್ವಲ್ಪ ಕಡಿಮೆಯಾಯಿತು.

ಹರ್ಬರ್ಟ್ ಫಾನ್ ಕಾರಾಯಾನ್ 1960ರ ದಶಕದಲ್ಲಿ ಬರ್ಲಿನ್ ಫಿಲ್ಹಾರ್ಮೊನಿಕ್‌ನೊಡನೆ ಮಾಡಿದ ಮುದ್ರಣ ವಾದಕ್ಕೆ ಕಾರಣವಾಯಿತು. ತಂತಿಗಳ ರೇಷ್ಮೆಯಂಥ ನಾದ, ಎಲ್ಲಿಯೂ ಮುರಿಯದ ಹರಿವು. ಸ್ಟ್ರಾವಿನ್ಸ್ಕಿ ಪತ್ರಿಕೆಯಲ್ಲಿ ಅದನ್ನೂ ಇನ್ನೆರಡು ಮುದ್ರಣಗಳನ್ನೂ ಹೋಲಿಸಿ ವಿಮರ್ಶೆ ಬರೆದು, ಇದರ ನಯನಾಜೂಕನ್ನು ಕಟುವಾಗಿ ಟೀಕಿಸಿದ. ರಚನಕಾರನೇ ತನ್ನ ಕೃತಿಯ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ತೂಗಿದ ಅಪರೂಪದ ಬರಹವದು. ಅವನ ಟೀಕೆಯಲ್ಲಿ ಹುರುಳಿದೆ: ಬಲಿಯ ಕಥೆಗೆ ಅಷ್ಟು ಮೃದುವಾದ ಚರ್ಮ ಹೊಂದುವುದಿಲ್ಲ. ಕಾರಾಯಾನ್ 1970ರ ದಶಕದಲ್ಲಿ ಮತ್ತೆ ಮುದ್ರಿಸಿದಾಗ ವಾದನಕ್ಕೆ ಹೆಚ್ಚು ಕಚ್ಚು ಬಂದಿತ್ತು.

ಮುಂದೆ ಬಂದವರಲ್ಲಿ ಬಹುಪಾಲು ಮಂದಿ ಈ ಎರಡು ಪಂಥಗಳ ನಡುವೆ ಎಲ್ಲೋ ನಿಲ್ಲುತ್ತಾರೆ. ಕಾಲಿನ್ ಡೇವಿಸ್ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ವೃಂದದೊಡನೆ 1976ರಲ್ಲಿ ಮಾಡಿದ್ದು ಎರಡರ ಹದವಾದ ಬೆರಕೆ. ವಾಲೆರಿ ಗೆರ್ಗಿಯೆವ್ 1999ರಲ್ಲಿ ಕಿರೋವ್ ವೃಂದದೊಡನೆ ಕೃತಿಯನ್ನು ಮತ್ತೆ ಮಣ್ಣಿಗೆ ಎಳೆದ. ತಾಮ್ರದ ವಾದ್ಯಗಳು ಅಲ್ಲಿ ಬೇಕೆಂದೇ ಒರಟಾಗಿವೆ, ಕೊನೆಯ ಪೆಟ್ಟಿಗೆ ಮುನ್ನ ನಿಲುಗಡೆ ಅಸಹಜವೆನಿಸುವಷ್ಟು ದೀರ್ಘವಾಗಿದೆ.

ಬಸೂನ್ ಕಷ್ಟಪಡಬೇಕೆ?

1913ರಲ್ಲಿ ಆರಂಭದ ಆ ಒಂಟಿ ಬಸೂನ್ ನುಡಿಸುವುದು ಸಾಹಸವಾಗಿತ್ತು. ಇಂದು ವೃತ್ತಿನಿರತ ವಾದಕರೆಲ್ಲರ ಅಭ್ಯಾಸದ ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ. ಬಹುತೇಕ ಹೊಸ ಮುದ್ರಣಗಳಲ್ಲಿ ಅದು ಸಲೀಸಾಗಿ, ಮಧುರವಾಗಿ ಹರಿದು ಬರುತ್ತದೆ. ಲಿಥುವೇನಿಯಾದ ಜನಪದ ಧಾಟಿಯೊಂದರಿಂದ ಬಂದ ಆ ಸ್ವರಗಳನ್ನು ಅವುಗಳಿಗೆ ಹೇಳಿಮಾಡಿಸಿದ ಎತ್ತರದ ವಾದ್ಯಕ್ಕೆ ಕೊಡದೆ ಬಸೂನಿಗೆ ಕೊಟ್ಟದ್ದೇ ಕಷ್ಟಪಟ್ಟು ನುಡಿಸುವಾಗ ಕೇಳುವ ಒತ್ತಡಕ್ಕಾಗಿ. ಸಲೀಸಾದಾಗ ಆ ಒತ್ತಡ ಕರಗುತ್ತದೆ.

ವಾದ್ಯವೂ ಬದಲಾಗಿದೆ. ಆಗ ಪ್ಯಾರಿಸ್ಸಿನಲ್ಲಿ ಬಳಕೆಯಲ್ಲಿದ್ದದ್ದು ಫ್ರೆಂಚ್ ಬಗೆಯ ಬಸೂನ್. ಅದರ ದನಿ ತೆಳು, ಮೂಗಿನಿಂದ ಬಂದಂತೆ. ಇಂದು ಜಗತ್ತಿನ ಹೆಚ್ಚಿನ ಕಡೆ ಇರುವುದು ದುಂಡುದನಿಯ ಜರ್ಮನ್ ಬಗೆ. ತಾಮ್ರದ ವಾದ್ಯಗಳೂ ಆಗ ಕಿರಿದಾದ ಕೊಳವೆಯವು. ಜೋರಾಗಿ ಊದಿದಾಗ ಬೇಗ ಕರ್ಕಶವಾಗುತ್ತಿದ್ದವು, ಆದರೆ ಇತರ ವಾದ್ಯಗಳನ್ನು ಮುಚ್ಚಿಹಾಕುತ್ತಿರಲಿಲ್ಲ.

ಫ್ರಾನ್ಸ್ವಾ-ಜೇವಿಯೆ ರೋಥ್ ಮತ್ತು ಅವನ ‘ಲೆ ಸಿಯೆಕ್ಲ್’ ವೃಂದ ಕೃತಿಯ ಶತಮಾನೋತ್ಸವದ ವರ್ಷ 2013ರಲ್ಲಿ, ಆ ಕಾಲದ ಫ್ರೆಂಚ್ ವಾದ್ಯಗಳನ್ನು ಹಿಡಿದು, ಮೊದಲ ಪ್ರದರ್ಶನದ ಪಾಠಕ್ಕೆ ಆದಷ್ಟು ಹತ್ತಿರ ಹೋಗಿ ನುಡಿಸಿತು. ಅದರ ಮುದ್ರಣ ಕೇಳಿದರೆ ಕೃತಿ ಚಿಕ್ಕದಾಗಿಲ್ಲ, ಬಣ್ಣಗಳು ಬೇರೆಯಾಗಿವೆ. ಎಲ್ಲವೂ ಬೆರೆತು ಗೋಡೆಯಂತೆ ಬರುತ್ತಿದ್ದ ಜಾಗದಲ್ಲಿ ಪ್ರತಿ ವಾದ್ಯಕ್ಕೂ ತನ್ನದೇ ಮುಖ ಕಾಣುತ್ತದೆ.

ಬಲಿನೃತ್ಯದ ವೇಗ

ಕಂಡಕ್ಟರ್‌ಗಳ ನಡುವಿನ ತೀವ್ರ ಭಿನ್ನಾಭಿಪ್ರಾಯ ಕೊನೆಯ ನಾಲ್ಕೈದು ನಿಮಿಷಗಳದು. ಬಲಿನೃತ್ಯದಲ್ಲಿ ಎರಡರ ಗುಂಪು, ಮೂರರ ಗುಂಪು, ಐದರ ಗುಂಪು ಹೆಚ್ಚುಕಡಿಮೆ ಪ್ರತಿ ಬಾರ್‌ಗೂ ಬದಲಾಗುತ್ತವೆ. ಎಣಿಕೆ ತಪ್ಪಿದವರಿಗೆ ಮತ್ತೆ ಸೇರಿಕೊಳ್ಳಲು ಜಾಗವಿಲ್ಲ. ಅಚ್ಚಾದ ಅಂಕಿ ನಿಮಿಷಕ್ಕೆ 126 ಬಡಿತ. ಆದರೆ 1921ರಲ್ಲಿ ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿ ಸ್ವಯಂಚಾಲಿತ ಪಿಯಾನೊಗಾಗಿ ಈ ಕೃತಿಯ ರಂಧ್ರ ಕೊರೆದ ಕಾಗದದ ಸುರುಳಿಗಳನ್ನು ತಯಾರಿಸಿತ್ತು. ಅವುಗಳಲ್ಲಿ ಬಲಿನೃತ್ಯ ಇನ್ನೂ ವೇಗವಾಗಿದೆ.

ಕಂಡಕ್ಟರ್ ಬೆಂಜಮಿನ್ ಝ್ಯಾಂಡರ್ ಇದರಿಂದ ಒಂದು ವಾದ ಕಟ್ಟಿದ: ಸ್ಟ್ರಾವಿನ್ಸ್ಕಿಯ ಮನಸ್ಸಿನಲ್ಲಿದ್ದದ್ದು ಸುರುಳಿಯ ವೇಗ, ಅಂದಿನ ವಾದಕರ ಕೈಗೆ ಅದು ಸಾಧ್ಯವಾಗದ್ದರಿಂದ ಅಚ್ಚಿನಲ್ಲಿ ಇಳಿಸಿದ. ಬೋಸ್ಟನ್ ಫಿಲ್ಹಾರ್ಮೊನಿಕ್‌ನೊಡನೆ ಆ ವೇಗದಲ್ಲೇ ಮುದ್ರಿಸಿಯೂ ತೋರಿಸಿದ. ಕೇಳಿದಾಗ ಉಸಿರುಗಟ್ಟುತ್ತದೆ, ಸಾಯುವವರೆಗೆ ಕುಣಿಯುವವಳ ಕಥೆಗೆ ಅದು ಒಪ್ಪುತ್ತದೆ ಕೂಡ. ಆದರೆ ಪಿಯಾನೊ ಸುರುಳಿಗೆ ಉಸಿರು, ಬಿಲ್ಲು, ತುಟಿಗಳ ಹಂಗಿಲ್ಲ. ಮೂರು ಸಲ ತಾನೇ ನಡೆಸುವಾಗ ರಚನಕಾರ ಆ ವೇಗಕ್ಕೆ ಹೋಗಲಿಲ್ಲ ಎಂಬುದೂ ಗಣನೆಗೆ ಬರಬೇಕು. ನಿಧಾನವಾಗಿ, ತೂಕವಾಗಿ ನಡೆಸಿದಾಗ ಸಿಗುವ ಭಯ ಬೇರೆಯೇ: ಓಡಿಹೋಗಲು ದಾರಿಯಿಲ್ಲವೆಂಬ ಭಯ.

ಸಭಾಂಗಣ ಬೇರೆ, ಮುದ್ರಣ ಬೇರೆ

ಮೈಕು ಕೇಳುವುದನ್ನೆಲ್ಲ ಸಭಾಂಗಣದ ಕಿವಿ ಕೇಳುವುದಿಲ್ಲ. ಮೊದಲ ಭಾಗದಲ್ಲಿ ಹಿರಿಯನ ಮೆರವಣಿಗೆ ಬರುವಾಗ ಗ್ವೀರೊ ಎಂಬ, ಗೀರಿ ನುಡಿಸುವ ಒಂದು ಪುಟ್ಟ ವಾದ್ಯವಿದೆ. ಒಳ್ಳೆಯ ಮುದ್ರಣದಲ್ಲಿ ಅದರ ಕೆರೆತ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಕಛೇರಿಯಲ್ಲಿ ಗದ್ದಲದೊಳಗೆ ಮುಳುಗಿಹೋಗುತ್ತದೆ. ಅದೇ ದೊಡ್ಡ ಡ್ರಮ್ಮಿನ ಪೆಟ್ಟು ಸಭಾಂಗಣದಲ್ಲಿ ಎದೆಗೂಡಿಗೆ ತಾಗುತ್ತದೆ. ಮನೆಯ ಸ್ಪೀಕರಿನಲ್ಲಿ ಅದರ ನೆರಳಷ್ಟೇ ಸಿಗುತ್ತದೆ. ಆರಿಸಲ್ಪಟ್ಟವಳ ಸ್ತುತಿಗೆ ಮುನ್ನ ಬರುವ ಹನ್ನೊಂದು ಸಮಾನ ಪೆಟ್ಟುಗಳನ್ನು ಎದುರಿಗೆ ಕೂತು ಕೇಳಿದವರಿಗೆ ಈ ವ್ಯತ್ಯಾಸ ಗೊತ್ತು.

ಮುದ್ರಣದಲ್ಲಿ ತಪ್ಪಿದ ತುಣುಕನ್ನು ಮತ್ತೆ ನುಡಿಸಿ ಅಂಟಿಸಬಹುದು. ಕಛೇರಿಯಲ್ಲಿ ಆ ಸೌಲಭ್ಯವಿಲ್ಲ. 1963ರ ಮೇ 29ರಂದು, ಮೊದಲ ಪ್ರದರ್ಶನಕ್ಕೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, 88 ವರ್ಷದ ಮೊಂತೊ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಲಂಡನ್ ಸಿಂಫನಿ ವೃಂದದೊಡನೆ ಇದನ್ನು ನಡೆಸಿದ. ಸ್ಟ್ರಾವಿನ್ಸ್ಕಿ ಸಭೆಯಲ್ಲಿದ್ದ. ಆ ಕಛೇರಿಯ ದಾಖಲೆ ಉಳಿದಿದೆ. ಅದರ ವಾದನ ದೋಷರಹಿತವೇನಲ್ಲ. ಆದರೆ 1929ರ ತಟ್ಟೆಯ ಪಕ್ಕದಲ್ಲಿಟ್ಟು ಕೇಳಿದರೆ ಒಬ್ಬನೇ ಕಂಡಕ್ಟರ್‌ನ ಕೈಕೆಳಗೆ ವಾದ್ಯವೃಂದಗಳ ಕೌಶಲ ಎಷ್ಟು ದೂರ ಬಂದಿದೆ ಎಂಬುದು ತಿಳಿಯುತ್ತದೆ.

ನೃತ್ಯ ಸೇರಿಕೊಂಡಾಗ ಇನ್ನೊಂದು ಕಟ್ಟುಪಾಡು ಬರುತ್ತದೆ. ನೆಲದಿಂದ ನೆಗೆದ ದೇಹ ಮತ್ತೆ ನೆಲ ಮುಟ್ಟಲು ಇಂತಿಷ್ಟು ಹೊತ್ತು ಬೇಕೇ ಬೇಕು. ಕಂಡಕ್ಟರ್ ತನಗೆ ತೋಚಿದ ವೇಗ ಹಿಡಿಯುವಂತಿಲ್ಲ. ನಿಜಿನ್ಸ್ಕಿಯ ಮೂಲ ನೃತ್ಯ ಕೆಲವೇ ಪ್ರದರ್ಶನಗಳ ನಂತರ ಮರೆಯಾಗಿತ್ತು. ಚಿತ್ರ, ಟಿಪ್ಪಣಿ, ನೆನಪುಗಳಿಂದ ಮಿಲಿಸೆಂಟ್ ಹಾಡ್ಸನ್ ಮತ್ತು ಕೆನೆತ್ ಆರ್ಚರ್ ಅದನ್ನು ಮರುಕಟ್ಟಿದರು. 1987ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಾಫ್ರಿ ಬ್ಯಾಲೆ ಅದನ್ನು ಆಡಿ ತೋರಿಸಿತು. ಅದಕ್ಕೂ ಮುನ್ನ, 1975ರಲ್ಲಿ, ಜರ್ಮನಿಯ ಪೀನಾ ಬಾಷ್ ರಂಗದ ತುಂಬ ಮಣ್ಣು ಹರಡಿ ಅದರ ಮೇಲೆ ನರ್ತಕರನ್ನು ಕುಣಿಸಿದ್ದಳು. ಅದರ ಚಿತ್ರೀಕರಣದಲ್ಲಿ ಸಂಗೀತದ ಜೊತೆಗೇ ನರ್ತಕರ ಏದುಸಿರೂ ಮಣ್ಣಿನ ಮೇಲೆ ಬೀಳುವ ಹೆಜ್ಜೆಯ ಸದ್ದೂ ಕೇಳುತ್ತವೆ. ಯಾವ ಸ್ಟುಡಿಯೊ ಮುದ್ರಣದಲ್ಲೂ ಇವು ಇಲ್ಲ.